ಹಣೆಬರಹ ಬಿಟ್ಟವರು ‘ಮನಸ್ಸು ಮಾಡಿದ್ರೆ ಆಗ್ತಿತ್ತು’ ಅನ್ನೋದನ್ನೂ ಬಿಡಬೇಕು

2025ರ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂತು. ಸತ್ತವರಲ್ಲಿ ಕೆಲವರಿಗೆ ಇನ್ನೂ ಇಪ್ಪತ್ತು ಮೂವತ್ತರ ವಯಸ್ಸು. ಟಿವಿಯವರು ದಿನಾ ಲೆಕ್ಕ ಕೊಟ್ಟರು. ಜನ ಹೆದರಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಸಾಲು ನಿಂತರು. ಆ ದಿನಗಳಲ್ಲಿ ಸಾವಿನ ಮನೆ, ಟೀ ಅಂಗಡಿ, ವಾಟ್ಸಾಪ್ ಗುಂಪು ಎಲ್ಲಿ ಹೋದರೂ ಮೂರು ಮಾತು ಕೇಳುತ್ತಿದ್ದವು. ಆಯಸ್ಸು ಮುಗಿದಿತ್ತು, ಹೋದ. ಕೊರೋನಾ ಲಸಿಕೆಯಿಂದಲೇ ಹೀಗಾಗ್ತಿದೆ. ಇನ್ನು ಮೂರನೆಯದು, ಅವನೇ ಹಾಳು ಮಾಡ್ಕೊಂಡ, ಸಿಗರೇಟು ಬಿಡು ಅಂದ್ರೆ ಬಿಡಲಿಲ್ಲ.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. 24 ಸಾವುಗಳನ್ನು ನೋಡಿದಾಗ 20 ಹೃದಯಕ್ಕೆ ಸಂಬಂಧಪಟ್ಟವು, ಉಳಿದವಕ್ಕೆ ಬೇರೆ ಕಾರಣ. ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆ ಕಾಣಲಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ಬೊಜ್ಜು ಇವೇ ಹಳೆಯ ಕಾರಣಗಳು. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಗಮನಿಸುವಷ್ಟು ಸಂಖ್ಯೆಯಲ್ಲಿದ್ದರು.

ಹಳೆಯ ಕಾರಣಗಳನ್ನೇ ತೋರಿಸಿದ ಈ ವರದಿ ಆಯಸ್ಸು, ಲಸಿಕೆ ಅನ್ನುವ ಮೊದಲೆರಡು ಮಾತಿಗೆ ಉತ್ತರ ಕೊಟ್ಟಿತು. ಮೂರನೆಯ ಮಾತು ಮಾತ್ರ ಹಾಗೇ ಉಳಿಯಿತು. ಇನ್ನೂ ಗಟ್ಟಿಯಾಯಿತು ಅಂತಲೇ ಹೇಳಬೇಕು, ಯಾಕಂದ್ರೆ ಈಗ ಡಾಕ್ಟರ್‌ಗಳೂ ಸಿಗರೇಟು ಅಂದರು ನೋಡಿ. ಆದರೆ ‘ಚಾಲಕರು ಜಾಸ್ತಿ’ ಅನ್ನುವ ಒಂದು ಸಾಲನ್ನು ಹಿಡಿದುಕೊಂಡು ಮುಂದೆ ಹೋಗಿ ನೋಡಿ. ಸಾಲದ ಗಾಡಿ, ತಿಂಗಳ ಕಂತು, ದಿನವಿಡೀ ಸೀಟಿನ ಮೇಲೆ, ಹೊತ್ತಲ್ಲದ ಹೊತ್ತಿನ ಊಟ, ರಾತ್ರಿ ಶಿರಾಡಿ ಘಾಟಿಯಲ್ಲಿ ಕಣ್ಣು ಮುಚ್ಚದಿರಲು ಟೀ ಮತ್ತು ಸಿಗರೇಟು. ಎದೆ ಹಿಂಡಿದರೆ ‘ಗ್ಯಾಸು’ ಅಂದುಕೊಂಡು ಒಂದು ಸೋಡಾ ಕುಡಿಯುವುದು, ಏಕೆಂದರೆ ಇಸಿಜಿ ಮಾಡಿಸಲು ಹೋದರೆ ಆ ದಿನದ ಬಾಡಿಗೆ ಹೋಯಿತು. ಇಷ್ಟೆಲ್ಲ ಇದ್ದೂ ನಾವು ‘ಅವನೇ ಮಾಡ್ಕೊಂಡ’ ಅಂದುಬಿಡುತ್ತೇವೆ. ಆ ಮಾತಿಗೆ ಕಾರಣ ಹುಡುಕುವ ಕೆಲಸ ನಿಲ್ಲುತ್ತದೆ. ನಾನು ಬರೆಯಬೇಕು ಅಂದುಕೊಂಡಿರುವುದು ಹಾಗೆ ನಿಲ್ಲುವ ಜಾಗದ ಬಗ್ಗೆ.

ತತ್ವಶಾಸ್ತ್ರದಲ್ಲಿ ನಿಸರ್ಗವಾದ ಅಂತ ಒಂದು ನಿಲುವಿದೆ. ಕಾಡು ಉಳಿಸುವ ಚಳವಳಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಇದು ಹೇಳುವುದು ಇಷ್ಟೇ: ಇರುವುದು ಈ ಪ್ರಪಂಚ ಒಂದೇ, ಇದರ ಆಚೆಯಿಂದ ಕೈ ಹಾಕುವ ಯಾವ ಶಕ್ತಿಯೂ ಇಲ್ಲ, ಇಲ್ಲಿ ಆಗುವುದಕ್ಕೆಲ್ಲ ಇಲ್ಲೇ ಕಾರಣ ಹುಡುಕಬೇಕು. ನಮ್ಮಲ್ಲಿ ಲೋಕಾಯತರು, ಅಂದರೆ ಪರಲೋಕ ಒಪ್ಪದ ಚಾರ್ವಾಕರು, ಇದನ್ನು ಬಹಳ ಹಿಂದೆಯೇ ಹೇಳಿದರು. ಅವರ ಬರಹ ಉಳಿಯಲಿಲ್ಲ, ಅವರನ್ನು ಖಂಡಿಸಿದವರ ಪುಸ್ತಕಗಳಿಂದಲೇ ನಮಗೆ ಅವರು ಗೊತ್ತು. ಯುರೋಪಿನಲ್ಲಿ 17ನೇ ಶತಮಾನದ ತತ್ವಜ್ಞಾನಿ ಸ್ಪಿನೋಜಾ ಇದನ್ನು ಮನುಷ್ಯನ ಮನಸ್ಸಿನವರೆಗೂ ತಂದರು. ನಾವು ಏನು ಮಾಡುತ್ತಿದ್ದೇವೆ ಅನ್ನುವುದು ನಮಗೆ ತಿಳಿದಿರುತ್ತದೆ, ಯಾವ ಕಾರಣಗಳು ನಮ್ಮಿಂದ ಅದನ್ನು ಮಾಡಿಸುತ್ತಿವೆ ಅನ್ನುವುದು ತಿಳಿದಿರುವುದಿಲ್ಲ, ಅದಕ್ಕೇ ನಾವು ಸ್ವತಂತ್ರರು ಅಂದುಕೊಳ್ಳುತ್ತೇವೆ ಅಂದರು. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅವರ ಯಹೂದಿ ಸಮುದಾಯ ಅವರನ್ನು ಹೊರಗೆ ಹಾಕಿತು.

ದೇವರಿಲ್ಲ ಅನ್ನುವುದು ಇದರಲ್ಲಿ ಸುಲಭದ ಭಾಗ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಕಷ್ಟದ ಭಾಗ ನಮ್ಮ ಬಗ್ಗೆ ಇರುವುದು. ನಾನೂ ಈ ಕಾರಣಗಳ ಒಳಗೇ ಇದ್ದೇನೆ. ನನ್ನ ಛಲ, ನನ್ನ ಶಿಸ್ತು, ನನ್ನ ಸೋಮಾರಿತನ ಎಲ್ಲಕ್ಕೂ ಹಿಂದೆ ಏನೋ ಇದೆ: ಅಪ್ಪ ಅಮ್ಮನಿಂದ ಬಂದ ಮೈ, ಚಿಕ್ಕವಯಸ್ಸಿನಲ್ಲಿ ತಿಂದ ಊಟ, ಪಾಠ ಹೇಳಿದ ಮೇಷ್ಟ್ರು, ಹುಟ್ಟಿದ ಜಾತಿ, ಸಿಕ್ಕ ಗೆಳೆಯರು. ಇವುಗಳ ಆಚೆ ನಿಂತು, ಇವು ಯಾವುವೂ ಮುಟ್ಟದ ಹಾಗೆ ತೀರ್ಮಾನ ಮಾಡುವ ಒಬ್ಬ ‘ನಾನು’ ಎಲ್ಲೂ ಸಿಗುವುದಿಲ್ಲ. ಅಂದ ಮಾತ್ರಕ್ಕೆ ನಾವು ಯೋಚನೆ ಮಾಡುವುದಿಲ್ಲ, ಆಯ್ಕೆ ಮಾಡುವುದಿಲ್ಲ ಅಂತಲ್ಲ. ಮಾಡುತ್ತೇವೆ. ಆ ಯೋಚನೆಗೂ ಆಯ್ಕೆಗೂ ಕಾರಣಗಳಿವೆ, ಅಷ್ಟೇ.

ಕರ್ನಾಟಕದಲ್ಲಿ ವಿಚಾರವಾದಕ್ಕೆ ದೊಡ್ಡ ಹೆಸರಿದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಕಟ್ಟಿದರು. ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯ ಅಂತ ಸಂವಿಧಾನಕ್ಕೆ ಸೇರಿತು. ಮೌಢ್ಯ ನಿಷೇಧದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಇದಕ್ಕಾಗಿ ಜನ ಪ್ರಾಣವನ್ನೇ ಕೊಟ್ಟಿದ್ದಾರೆ. ನರೇಂದ್ರ ದಾಭೋಲ್ಕರ್ ಅವರನ್ನು 2013ರಲ್ಲಿ ಪುಣೆಯಲ್ಲಿ, ಎಂ.ಎಂ. ಕಲಬುರ್ಗಿಯವರನ್ನು 2015ರಲ್ಲಿ ಧಾರವಾಡದಲ್ಲಿ ಕೊಂದರು. ಈ ಪರಂಪರೆಯ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ವಾಸ್ತು ಸುಳ್ಳು, ಮಾಟ ಸುಳ್ಳು, ಜಾತಕ ಸುಳ್ಳು ಅನ್ನುವ ಎಷ್ಟೋ ಜನ ಮರುಕ್ಷಣದಲ್ಲೇ ‘ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ಉದ್ಧಾರ ಆಗಬಹುದು’ ಅನ್ನುತ್ತಾರೆ, ಅಲ್ವಾ? ಹಸಿವು, ಸಾಲ, ರಕ್ತಹೀನತೆ, ಅವಮಾನ ಯಾವುದಕ್ಕೂ ಜಗ್ಗದೆ ಎದ್ದು ನಿಲ್ಲುವ ಆ ‘ಮನಸ್ಸು’ ಎಲ್ಲಿಂದ ಬರುತ್ತದೆ? ಕಾರಣವೇ ಇಲ್ಲದೆ ಅದು ಬರುತ್ತದೆ ಅನ್ನುವುದಾದರೆ ಅದೂ ಪವಾಡವೇ. ಕೈಯಿಂದ ಬೂದಿ ಬರಿಸುವುದಕ್ಕಿಂತ ಇದರಿಂದ ಆಗುವ ಹಾನಿ ಜಾಸ್ತಿ, ಏಕೆಂದರೆ ಬಜೆಟ್ ಬರೆಯುವವರೂ ಇದನ್ನು ನಂಬುತ್ತಾರೆ.

ಮಲೆನಾಡಿನದೇ ಒಂದು ಸಂಗತಿ ತಗೊಳ್ಳಿ. ಪಶ್ಚಿಮ ಘಟ್ಟದ ಮಳೆ ಮಣ್ಣಿನಲ್ಲಿರುವ ಅಯೋಡಿನ್ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಆ ಮಣ್ಣಲ್ಲಿ ಬೆಳೆದ ಅಕ್ಕಿ, ಸೊಪ್ಪಿನಲ್ಲೂ ಅಯೋಡಿನ್ ಕಡಿಮೆ. ಚಿಕ್ಕಮಗಳೂರು, ಕೊಡಗು ಕಡೆ ಕುತ್ತಿಗೆಯಲ್ಲಿ ಗಡ್ಡೆ ಬರುವ ಗಳಗಂಡ ಹೆಚ್ಚು ಕಾಣುತ್ತಿದ್ದುದು ಇದಕ್ಕೇ. ಗಡ್ಡೆ ಕಣ್ಣಿಗೆ ಕಾಣುತ್ತದೆ. ಕಾಣದ ತೊಂದರೆ ಇನ್ನೂ ದೊಡ್ಡದು. ಬಸುರಿ ಹೆಂಗಸಿಗೆ ಅಯೋಡಿನ್ ಸಾಲದಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಪೂರ್ತಿ ಬೆಳೆಯುವುದಿಲ್ಲ. ತಡೆಯಬಹುದಾಗಿದ್ದರೂ ಮಕ್ಕಳ ಬುದ್ಧಿ ಬೆಳವಣಿಗೆ ಕುಂಠಿತವಾಗುವುದಕ್ಕೆ ಜಗತ್ತಿನಲ್ಲೇ ಮುಖ್ಯ ಕಾರಣ ಇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಬರೀ 150 ಮೈಕ್ರೋಗ್ರಾಂ, ಬಸುರಿಯರಿಗೆ 250. ಉಪ್ಪಿನಲ್ಲಿ ಬೆರೆಸಿದರೆ ಸಾಕು.

ಈಗ ಆ ಮಗುವನ್ನು ಶಾಲೆಯಲ್ಲಿ ಕಲ್ಪಿಸಿಕೊಳ್ಳಿ. ಕೂಡಿಸಿ ಕಳೆಯುವ ಲೆಕ್ಕ ಬರುವುದಿಲ್ಲ. ಮೇಷ್ಟ್ರು ‘ದಡ್ಡ, ತಲೆಗೆ ಹತ್ತಲ್ಲ’ ಅನ್ನುತ್ತಾರೆ. ಅಜ್ಜಿ ‘ಅದರ ಹಣೇಲಿ ಬರೆದಿಲ್ಲ’ ಅನ್ನುತ್ತಾಳೆ. ಓದಿ ಪಟ್ಟಣ ಸೇರಿದ ಚಿಕ್ಕಪ್ಪ ‘ಶ್ರದ್ಧೆ ಇಲ್ಲ, ನಾನು ಬೀದಿ ದೀಪದ ಕೆಳಗೆ ಓದಿದವನು’ ಅನ್ನುತ್ತಾನೆ. ಅಜ್ಜಿ ಹೇಳಿದ್ದು ಮೂಢನಂಬಿಕೆ ಅಂತ ನಾವು ತಕ್ಷಣ ಗುರುತಿಸುತ್ತೇವೆ. ಚಿಕ್ಕಪ್ಪನ ಮಾತು ನಮಗೆ ಬುದ್ಧಿವಾದದ ಹಾಗೆ ಕೇಳುತ್ತದೆ. ಎರಡರಲ್ಲೂ ಉಪ್ಪಿನ ಲೆಕ್ಕವಿಲ್ಲ.

ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. 1992ರಲ್ಲಿ ಅದನ್ನು ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳಿಗೂ ಹಿಗ್ಗಿಸಿದರು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನುವುದಕ್ಕೆ ಮಾರಬಾರದು ಅಂತ ದೇಶದಲ್ಲಿ ನಿಷೇಧವೂ ಬಂತು. ಆಮೇಲೆ 2000ದಲ್ಲಿ ಕೇಂದ್ರ ಸರ್ಕಾರ ಆ ನಿಷೇಧವನ್ನು ತೆಗೆದುಹಾಕಿತು. ಯಾವ ಉಪ್ಪು ತಿನ್ನಬೇಕು ಅನ್ನುವುದು ಜನರ ಸ್ವಂತ ಆಯ್ಕೆ ಅನ್ನುವುದು ಆಗಿನ ವಾದ. ವೈದ್ಯರು, ವಿಜ್ಞಾನಿಗಳು ಹೋರಾಡಿದ ಮೇಲೆ 2006ರಲ್ಲಿ ನಿಷೇಧ ವಾಪಸ್ ಬಂತು. ಈ ಆರು ವರ್ಷಗಳ ವಿಷಯ ನನ್ನನ್ನು ಬಹಳ ಕಾಡುತ್ತದೆ. ಸಂತೆಯಲ್ಲಿ ಅಗ್ಗದ ಹರಳುಪ್ಪು ಕೊಳ್ಳುವ ಲೈನ್ ಮನೆಯ (ಕಾಫಿ ತೋಟದ ಕೂಲಿಯವರ ಸಾಲುಮನೆ) ಹೆಂಗಸು ತನ್ನ ಮಗುವಿನ ಮಿದುಳಿನ ಬಗ್ಗೆ ‘ಆಯ್ಕೆ’ ಮಾಡುತ್ತಿದ್ದಳಾ? ಅವಳಿಗೆ ಗೊತ್ತಿದ್ದದ್ದು ಬೆಲೆ ಒಂದೇ. ಆಯ್ಕೆ ಅನ್ನುವುದು ಎಲ್ಲರಿಗೂ ಸಮನಾಗಿ ಸಿಕ್ಕಿದೆ ಅಂತ ನಂಬಿದರೆ ಸರ್ಕಾರಗಳು ಇಂಥ ತೀರ್ಮಾನ ಮಾಡುತ್ತವೆ, ಮತ್ತು ಮಾಡಿದ ಮೇಲೂ ಯಾರಿಗೂ ತಪ್ಪು ಅನ್ನಿಸುವುದಿಲ್ಲ.

ಗ್ಯಾರಂಟಿ ಯೋಜನೆಗಳ ಜಗಳಕ್ಕೂ ಇದಕ್ಕೂ ನೇರ ಸಂಬಂಧವಿದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಉಚಿತ ಆಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂದರು. ಅವತ್ತಿನಿಂದ ಕಾಫಿ ತೋಟದ ಕಡೆ ಒಂದೇ ದೂರು: ಬಿಟ್ಟಿ ಕೊಟ್ಟು ಜನರನ್ನ ಸೋಮಾರಿ ಮಾಡ್ತಿದ್ದಾರೆ, ಆಳು ಸಿಗ್ತಿಲ್ಲ. ದುಡ್ಡು ಎಲ್ಲಿಂದ ತರುತ್ತಾರೆ, ರಸ್ತೆ ಆಸ್ಪತ್ರೆಗೆ ಉಳಿಯುತ್ತಾ ಅನ್ನುವ ಪ್ರಶ್ನೆ ನ್ಯಾಯವಾದದ್ದು, ಅದನ್ನು ಕೇಳಲೇಬೇಕು. ಆದರೆ ‘ಸೋಮಾರಿ’ ಅನ್ನುವ ವಾದದ ಒಳಗೆ ಇರುವ ನಂಬಿಕೆ ಬೇರೆ. ನಾನು ದುಡಿದು ಗಳಿಸಿದೆ, ಅವರು ದುಡಿಯದೆ ತಿನ್ನುತ್ತಾರೆ ಅಂತ ಅದು. 2024ರಿಂದ 2025ರ ಶುರುವಿನವರೆಗೆ ಕಾಫಿ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ಏರಿದ್ದು ಮುಖ್ಯವಾಗಿ ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬರ ಬಂದು ಫಸಲು ಕೆಟ್ಟಿದ್ದಕ್ಕೆ. ಮೂಡಿಗೆರೆಯ ಬೆಳೆಗಾರ ಹಿಂದಿನ ವರ್ಷಕ್ಕಿಂತ ಹೆಚ್ಚು ದುಡಿದದ್ದಕ್ಕೆ ಬೆಲೆ ಏರಲಿಲ್ಲ. ಬೆಲೆ ಬಿದ್ದ ವರ್ಷಗಳಲ್ಲಿ ಅವನು ಕಡಿಮೆಯೇನೂ ದುಡಿದಿರಲಿಲ್ಲ. ಅದು ಅವನಿಗೇ ಚೆನ್ನಾಗಿ ಗೊತ್ತು, ಬೆಲೆ ಬಿದ್ದಾಗ ಸರ್ಕಾರ ಸಾಲಮನ್ನಾ ಮಾಡಬೇಕು ಅಂತ ಕೇಳುವುದು ಅದಕ್ಕೇ, ಕೇಳುವುದರಲ್ಲಿ ತಪ್ಪೂ ಇಲ್ಲ. ಅದೇ ತಿಳಿವಳಿಕೆ ಲೈನ್ ಮನೆಯವರೆಗೂ ಹೋಗಬೇಕು ಅನ್ನುವುದಷ್ಟೇ ನನ್ನ ವಾದ. ತೋಟ ಹುಟ್ಟಿನಿಂದ ಬಂದಿತು, ಕೆಲವರಿಗೆ ಶ್ರಮಪಡುವ ಸ್ವಭಾವವೂ ಹುಟ್ಟಿನಿಂದ, ಮನೆಯಿಂದ ಬಂದಿತು. ಹುಟ್ಟಿನಿಂದ ಬಂದ ಪ್ರತಿಭೆಯೂ ನಮ್ಮ ಅರ್ಹತೆಯಿಂದ ಪಡೆದದ್ದಲ್ಲ ಅಂತ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲೇ ವಾದ ಮಾಡಿದ್ದರು. ಗೆದ್ದವನ ಶ್ರಮ ಸುಳ್ಳು ಅಂತ ಇದರ ಅರ್ಥವಲ್ಲ. ಆ ಶ್ರಮ ಪಡಲು ಬೇಕಾದ ಮೈ, ಮನಸ್ಸು, ಸಮಯ ಅವನಿಗೆ ಸಿಕ್ಕಿತ್ತು, ಇನ್ನೊಬ್ಬನಿಗೆ ಸಿಗಲಿಲ್ಲ.

ಹಾಗಾದ್ರೆ ಯಾರನ್ನೂ ಶಿಕ್ಷಿಸಬಾರದಾ ಅಂತ ಕೇಳಬಹುದು. ಸಕಲೇಶಪುರ, ಆಲೂರು, ಬೇಲೂರಿನವರಿಗೆ ಇದಕ್ಕೆ ಉತ್ತರ ಗೊತ್ತಿದೆ. ಆನೆ ಗದ್ದೆಗೆ ಬರುತ್ತದೆ, ಮನುಷ್ಯರನ್ನು ತುಳಿದು ಕೊಲ್ಲುತ್ತದೆ. ಮನೆಯವರಿಗೆ ತಡೆಯಲಾಗದ ದುಃಖ, ಸಿಟ್ಟು. ಆದರೂ ಕಾಡಿನ ದಾರಿ ತುಂಡಾಯಿತು, ತೋಟದೊಳಗೆ ನೀರು, ಹಲಸು, ಬೈನೆ ಸಿಗುತ್ತದೆ, ಅದಕ್ಕೆ ಬರುತ್ತದೆ ಅಂತ ಅಲ್ಲಿಯ ಜನರೇ ಕಾರಣ ಹೇಳುತ್ತಾರೆ. ಪುಂಡಾನೆಯನ್ನು ಹಿಡಿಯಲೇಬೇಕು ಅಂತಲೂ ಅವರೇ ರಸ್ತೆಗಿಳಿದು ಹೋರಾಡುತ್ತಾರೆ. 2014ರ ಸುಮಾರಿಗೆ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಕಾರಣ ಹಾಗೇ ಉಳಿದಿತ್ತು, ಬೇರೆ ಆನೆಗಳು ಬಂದವು. 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಹತ್ತಿರ ಇಂಥದ್ದೇ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಿತು. ಅಪಾಯವನ್ನು ತಡೆಯಬೇಕು, ಕಾರಣವನ್ನೂ ಹುಡುಕಬೇಕು ಅನ್ನುವ ಈ ಎರಡೂ ಯೋಚನೆ ಒಂದೇ ತಲೆಯಲ್ಲಿ ಕೂರುತ್ತವೆ. ಮನುಷ್ಯ ಆನೆಗಿಂತ ಬೇರೆ ನಿಜ, ಮನುಷ್ಯನಿಗೆ ತಿಳಿಹೇಳಬಹುದು, ಕಾನೂನಿನ ಭಯ ಹಾಕಬಹುದು, ನಾಚಿಕೆ ಹುಟ್ಟಿಸಬಹುದು. ಇವೂ ಕಾರಣಗಳೇ, ಕೆಲಸ ಮಾಡುವ ಕಡೆ ಬಳಸಬೇಕು. ನರಳಿಸುವುದಕ್ಕಾಗಿಯೇ ನರಳಿಸುವುದಕ್ಕೆ ಮಾತ್ರ ಜಾಗ ಉಳಿಯುವುದಿಲ್ಲ. ಜೈಲಿನಿಂದ ಹೊರಬಂದವನು ಮತ್ತೆ ಕಳ್ಳತನ ಮಾಡದ ಹಾಗೆ ಏನು ಮಾಡಿದೆವು ಅನ್ನುವುದು ಮುಖ್ಯವಾಗುತ್ತದೆ.

ಇಷ್ಟು ಓದಿದ ಮೇಲೆ ನಿಸರ್ಗವಾದ ಒಪ್ಪಿದವರೆಲ್ಲ ತಾನಾಗಿ ಪ್ರಗತಿಪರರಾಗುತ್ತಾರೆ ಅಂತ ಯಾರಿಗಾದರೂ ಅನ್ನಿಸಿದರೆ ಅದು ಅಪಾಯ. ಚರಿತ್ರೆ ಬೇರೆಯೇ ಹೇಳುತ್ತದೆ. ಯೋಗ್ಯರೇ ಉಳಿಯುತ್ತಾರೆ ಅನ್ನುವ ಮಾತನ್ನು 1864ರಲ್ಲಿ ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ ಬಳಕೆಗೆ ತಂದರು. ಡಾರ್ವಿನ್ನರ ಹೆಸರಿನಲ್ಲಿ ಬಡವರನ್ನು ಸಾಯಲು ಬಿಡುವುದೇ ನಿಸರ್ಗದ ನ್ಯಾಯ ಅಂದವರು ಹುಟ್ಟಿಕೊಂಡರು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಬುದ್ಧಿಮಾಂದ್ಯೆ’ ಅಂತ ಹಣೆಪಟ್ಟಿ ಕಟ್ಟಿದ ಯುವತಿಯೊಬ್ಬಳಿಗೆ ಬಲವಂತವಾಗಿ ಮಕ್ಕಳಾಗದ ಹಾಗೆ ಮಾಡುವುದು ಸರಿ ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿ ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಬುಡಕಟ್ಟು ಕಾಯ್ದೆ ತಂದು ಇಡೀ ಇಡೀ ಸಮುದಾಯಗಳನ್ನು ಹುಟ್ಟಾ ಕಳ್ಳರು ಅಂದರು. 1952ರಲ್ಲಿ ಆ ಕಾಯ್ದೆ ಹೋಯಿತು, ಊರಲ್ಲಿ ಕಳ್ಳತನವಾದರೆ ಪೊಲೀಸರು ಮೊದಲು ಯಾವ ಗುಡಿಸಲಿಗೆ ಹೋಗುತ್ತಾರೆ ಅನ್ನುವುದು ಅಷ್ಟಾಗಿ ಬದಲಾಗಲಿಲ್ಲ. ಇವರೆಲ್ಲ ದೇವರ ಹೆಸರು ಹೇಳಲಿಲ್ಲ, ವಿಜ್ಞಾನದ ಹೆಸರು ಹೇಳಿದರು.

ಪ್ರಪಂಚ ಹೀಗಿದೆ ಅನ್ನುವುದರಿಂದ ಹೀಗಿರಬೇಕು ಅನ್ನುವುದು ಹೊರಡುವುದಿಲ್ಲ ಅಂತ 18ನೇ ಶತಮಾನದಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮ್ ತೋರಿಸಿಕೊಟ್ಟರು. ಅದು ಈಗಲೂ ಸರಿ. ಅಯೋಡಿನ್ ಇಲ್ಲದೆ ಮಗುವಿನ ಮಿದುಳು ಬೆಳೆಯುವುದಿಲ್ಲ ಅನ್ನುವುದು ವಿಜ್ಞಾನ. ಆ ಮಗು ನಮಗೆ ಮುಖ್ಯ ಅನ್ನುವುದು ನಮ್ಮ ತೀರ್ಮಾನ. ಅದನ್ನು ಯಾವ ಪ್ರಯೋಗಾಲಯವೂ ಹೇಳಿಕೊಡುವುದಿಲ್ಲ. ದೇವರನ್ನು ನಂಬಿಯೂ ಆ ತೀರ್ಮಾನಕ್ಕೆ ಬಂದವರು ನಮ್ಮ ನಾಡಿನಲ್ಲಿ ಬೇಕಾದಷ್ಟಿದ್ದಾರೆ. 12ನೇ ಶತಮಾನದ ಶರಣರು ಹಾಗೆ ಬಂದವರು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಬಾಬಾಬುಡನ್‌ಗಿರಿಯ ಸೌಹಾರ್ದಕ್ಕಾಗಿ ಚಿಕ್ಕಮಗಳೂರಿನ ಬೀದಿಯಲ್ಲಿ ನಿಂತವರಲ್ಲಿ ನಾಸ್ತಿಕರೂ ಇದ್ದರು, ದಿನಾ ಪೂಜೆ, ನಮಾಜು ಮಾಡುವವರೂ ಇದ್ದರು. ನಿಸರ್ಗವಾದದಿಂದ ಒಂದು ಕೆಲಸ ಆಗುತ್ತದೆ. ಮನುಷ್ಯರ ಪಾಡಿಗೆ ಮನುಷ್ಯರನ್ನೇ ಹೊಣೆ ಮಾಡಿ ಕೈತೊಳೆದುಕೊಳ್ಳುವ ನೆಪಗಳನ್ನು ಅದು ಕಿತ್ತುಹಾಕುತ್ತದೆ. ಪೂರ್ವಜನ್ಮದ ಕರ್ಮ ಅನ್ನುವ ನೆಪವೂ ಹೋಗುತ್ತದೆ, ಅವನ ಸೋಮಾರಿತನ ಅನ್ನುವ ನೆಪವೂ ಹೋಗುತ್ತದೆ.

ಎಲ್ಲಕ್ಕೂ ಕಾರಣ ಇದ್ದರೆ ಹೋರಾಟ ಯಾಕೆ, ಆಗೋದು ಆಗುತ್ತೆ ಅನ್ನುವ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಹೋರಾಟವೂ ಒಂದು ಕಾರಣ. 2006ರಲ್ಲಿ ಉಪ್ಪಿನ ನಿಷೇಧ ವಾಪಸ್ ಬಂದದ್ದು ಸುಮ್ನೆ ಕೂತದ್ದಕ್ಕಲ್ಲ.

ನನಗೆ ನಿಜಕ್ಕೂ ಕಷ್ಟ ಅನ್ನಿಸುವುದು ಬೇರೆ. ಬಡವನನ್ನು ಬೈಯಬಾರದು, ಅವನು ಕಾರಣಗಳಿಂದ ಹಾಗಾದ ಅಂದರೆ, ದಬ್ಬಾಳಿಕೆ ಮಾಡುವವನೂ ಕಾರಣಗಳಿಂದಲೇ ಹಾಗಾದವನು. ಅಲ್ಲಿ ನಮ್ಮ ಪ್ರಗತಿಪರರಿಗೆ ತಡಬಡಿಸುವ ಹಾಗಾಗುತ್ತದೆ. ಸಿಟ್ಟನ್ನು ಎಲ್ಲಿಡಬೇಕು? 2024ರ ಜನವರಿಯಲ್ಲಿ ತರೀಕೆರೆ ತಾಲ್ಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಯೊಳಗೆ, ಅಂದರೆ ಕಾಡುಗೊಲ್ಲರ ಕೇರಿಯೊಳಗೆ, ಕೆಲಸಕ್ಕೆ ಹೋದ ದಲಿತ ಯುವಕನ ಮೇಲೆ ಹಲ್ಲೆ ಆಯಿತು. ಹಟ್ಟಿಗೆ ಮೈಲಿಗೆಯಾಯಿತು ಅನ್ನುವುದು ಹೊಡೆದವರ ನಂಬಿಕೆ. ಹೊಡೆದವರೇನೂ ಸಾವಿರ ಎಕರೆಯ ಜಮೀನ್ದಾರರಲ್ಲ. ಕಾಡುಗೊಲ್ಲರು ತಾವೇ ಹಿಂದುಳಿದವರು, ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ವರ್ಷಗಳಿಂದ ಕೇಳುತ್ತಿರುವವರು. ಮುಟ್ಟಾದ ತಮ್ಮ ಹೆಣ್ಣುಮಕ್ಕಳನ್ನೇ ಹಟ್ಟಿಯ ಹೊರಗಿಡುವ ಪದ್ಧತಿ ಆ ಸಮುದಾಯದ ಎಷ್ಟೋ ಕಡೆ ಇನ್ನೂ ಉಳಿದಿದೆ. ಅದೇ ಮೈಲಿಗೆಯ ಭಯ ಒಳಗೂ ಹೊರಗೂ ಕೆಲಸ ಮಾಡುತ್ತಿದೆ.

1936ರಲ್ಲಿ ಲಾಹೋರಿನ ಸಭೆಗೆ ಅಂತ ಅಂಬೇಡ್ಕರ್ ಒಂದು ಭಾಷಣ ಬರೆದರು. ಕರೆದವರು ಹೆದರಿ ಸಭೆ ರದ್ದು ಮಾಡಿದ್ದರಿಂದ ಅದನ್ನು ಅವರೇ ಅಚ್ಚು ಹಾಕಿಸಿದರು. ಅದರಲ್ಲಿ ಜಾತಿ ಆಚರಿಸುವವರ ಬಗ್ಗೆ ಅವರು ಹೇಳುವುದು ಇವತ್ತಿಗೂ ಬೆಚ್ಚಿಬೀಳಿಸುತ್ತದೆ. ಈ ಜನ ಕ್ರೂರಿಗಳು ಅಂತ ಜಾತಿ ಆಚರಿಸುತ್ತಿಲ್ಲ, ಅವರು ಆಳವಾಗಿ ಧರ್ಮವನ್ನು ನಂಬಿದವರು, ಆ ಧರ್ಮ ಜಾತಿಯನ್ನು ಅವರೊಳಗೆ ಬಿತ್ತಿದೆ, ಆದ್ದರಿಂದ ನೀವು ಎದುರಿಸಬೇಕಾದದ್ದು ಜಾತಿ ಆಚರಿಸುವ ಜನರನ್ನಲ್ಲ, ಅದನ್ನು ಕಲಿಸಿದ ಶಾಸ್ತ್ರಗಳನ್ನು ಅನ್ನುವುದು ಅವರ ವಾದದ ತಿರುಳು. ಜಾತಿಯ ಅವಮಾನವನ್ನು ಮೈಮೇಲೆ ತಿಂದ ಮನುಷ್ಯ ಬರೆದ ಮಾತಿದು. ಅವರು ಯಾರನ್ನೂ ಬಿಟ್ಟುಬಿಡಿ ಅನ್ನಲಿಲ್ಲ. ಅಸ್ಪೃಶ್ಯತೆಯನ್ನು ಅಪರಾಧ ಮಾಡಿದ ಸಂವಿಧಾನದ ಕರಡು ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಕಾನೂನು ಕೈಯನ್ನು ಕಟ್ಟಿಹಾಕಬೇಕು, ಬೇರು ಕೀಳುವ ಕೆಲಸ ಅದರ ಜೊತೆಗೇ ನಡೆಯಬೇಕು.

ಗೇರುಮರಡಿಯಲ್ಲಿ ಕೇಸು ದಾಖಲಾಯಿತು. ದಲಿತ ಸಂಘಟನೆಗಳು ಹಟ್ಟಿಯೊಳಗೆ ಹೋದವು. ಅದು ಆಗಲೇಬೇಕಿತ್ತು. ಆಮೇಲಿನ ಕೆಲಸದಲ್ಲಿ ಫೋಟೋ ಇಲ್ಲ, ಸುದ್ದಿಯೂ ಇಲ್ಲ. ಮೈಲಿಗೆ ಅಂದರೆ ದೇವರು ಮುನಿಯುತ್ತಾನೆ ಅಂತ ಹಟ್ಟಿಯ ಮಗು ಯಾವ ವಯಸ್ಸಿನಲ್ಲಿ, ಯಾರ ಬಾಯಿಂದ ಕಲಿಯುತ್ತದೆ? ಆ ವಯಸ್ಸಿಗೆ ಮೊದಲು ಅಂಗನವಾಡಿಯಲ್ಲಿ ದಲಿತ ಕಾಲೋನಿಯ ಮಕ್ಕಳ ಪಕ್ಕ ಕೂತು ಒಂದೇ ಪಾತ್ರೆಯ ಊಟ ಮಾಡಿರುತ್ತದಾ? ಹಟ್ಟಿಯ ಹುಡುಗಿ ಮುಟ್ಟಾದಾಗಲೂ ಸ್ಕೂಲಿಗೆ ಹೋಗಲು ಒಳ್ಳೆ ಶೌಚಾಲಯ ಇದೆಯಾ, ಹೈಸ್ಕೂಲಿಗೆ ಬಸ್ಸು ಇದೆಯಾ? ಇದಕ್ಕೆ ಎಷ್ಟು ದುಡ್ಡು ಬೇಕು, ತಾಲ್ಲೂಕು ಪಂಚಾಯ್ತಿಯಲ್ಲಿ ಯಾರು ಕೇಳಬೇಕು ಅನ್ನುವುದನ್ನು ನಮ್ಮ ಸಂಘಟನೆಗಳು ಒಂದು ವಾರ ಕೂತು ಲೆಕ್ಕ ಹಾಕಬಹುದು. ಹಾಸನದ ಆಟೋ ಸ್ಟ್ಯಾಂಡಿನಲ್ಲಿ ವರ್ಷಕ್ಕೊಮ್ಮೆ ಬಿಪಿ, ಶುಗರ್, ಇಸಿಜಿ ನೋಡುವ ವ್ಯವಸ್ಥೆಗೂ, ಆ ದಿನ ಬಾಡಿಗೆ ತಪ್ಪಿಸಿಕೊಂಡ ಚಾಲಕನ ಕೈಗೆ ಏನು ಕೊಡಬೇಕು ಅನ್ನುವುದಕ್ಕೂ ಇದೇ ಥರದ ಲೆಕ್ಕ ಬೇಕು.